ಖಂಡೆ ಪೂಜೆಯ ದಿನ ಆರಿದ ಫರ್ನೇಸು

“ಮೇಡಂರೀ, ನಮ್ಮ ಫರ್ನೇಸ್‌ಗೆ ಹಾರ ಹಾಕ್ಯಾರ್ರೀ.”

ಫೋನಿನಲ್ಲಿ ಸುಜಾತಾ ಅಳುತ್ತಿದ್ದಳು. ನಾನು ಅಫಜಲಪುರದ ಮನೆಯಲ್ಲಿ ಪೂಜೆ ಮುಗಿಸಿ ಹೋಳಿಗೆಯ ತಾಟಿನ ಮುಂದೆ ಆಗಷ್ಟೇ ಕೂತಿದ್ದೆ. ಖಂಡೆ ಪೂಜೆ, ಅಂದರೆ ಆಯುಧ ಪೂಜೆಯ ದಿನ ಯಂತ್ರಕ್ಕೆ ಹಾರ ಹಾಕದೆ ಇನ್ನೇನು ಹಾಕುತ್ತಾರೆ? ಅದಕ್ಕೆ ಅಳುವುದೇಕೆ?

“ಹಾಕಿದ್ರ ಹಾಕ್ಲಿ ಬಿಡವ್ವ. ಹಬ್ಬ ಅದ ಇವತ್ತು.”

“ಬಂದ್ ಮಾಡಿ ಹಾಕ್ಯಾರ್ರೀ.”

ಹೋಳಿಗೆಯ ತಾಟನ್ನು ಪಕ್ಕಕ್ಕೆ ಸರಿಸಿದೆ.

ಸುಜಾತಾ ಯಾರು, ಫರ್ನೇಸು ಯಾವುದು ಎಂದು ಹೇಳಿಬಿಡುತ್ತೇನೆ. ಜೇವರ್ಗಿಯ ಹೊರಗೆ, ಹತ್ತಿ ಹೊಲಗಳ ನಡುವೆ ನಮ್ಮ ಕಾಲೇಜಿದೆ. ನಾನಲ್ಲಿ ಲೋಹಶಾಸ್ತ್ರ ಕಲಿಸುತ್ತೇನೆ. (“ಅಂದ್ರ ಬಂಗಾರದ ಅಂಗಡಿ ಕೆಲಸೇನ್ರಿ?” ಎಂದು ಕೇಳಿದವರಿಗೆ ಉತ್ತರ ಕೊಡುವುದನ್ನು ಬಿಟ್ಟು ಬಹಳ ಕಾಲವಾಯಿತು.) ಕೊಳಕೂರಿನ ಸುಜಾತಾ ನಮ್ಮಲ್ಲಿ ಎಂ.ಟೆಕ್. ಮಾಡುತ್ತಿದ್ದಾಳೆ. ನಾನು ಅವಳ ಗೈಡ್. ಈ ವರ್ಷ ಡಿಗ್ರಿ ಕೈಗೆ ಬಂದರೆ ಅವಳಿಗೊಂದು ಒಳ್ಳೆಯ ನೌಕರಿ ಕಾದಿದೆ. ಬರದಿದ್ದರೆ ಆ ನೌಕರಿ ಇನ್ನೊಬ್ಬರ ಪಾಲು.

ಅವಳ ಕೆಲಸ ನಿಕ್ಕೆಲ್ ಸೂಪರ್ ಅಲಾಯ್ ಮೇಲೆ. ವಿದ್ಯುತ್ ಸ್ಥಾವರದ ಗ್ಯಾಸ್ ಟರ್ಬೈನಿನೊಳಗೆ ಕೆಂಡದಂಥ ಗಾಳಿಯಲ್ಲಿ ವರ್ಷಗಟ್ಟಲೆ ತಿರುಗುವ ಬ್ಲೇಡುಗಳು ಇರುತ್ತವಲ್ಲ, ಅವನ್ನು ಮಾಡುವ ಲೋಹ ಇದು. ಕಬ್ಬಿಣವಾದರೆ ಅಲ್ಲಿ ಒಂದು ದಿನವೂ ಬಾಳುವುದಿಲ್ಲ. ಈ ಲೋಹದ ಗಟ್ಟಿತನವೆಲ್ಲ ಅದರೊಳಗೆ ಒತ್ತೊತ್ತಾಗಿ ಕೂತ ಅತಿ ಸಣ್ಣ ಹರಳುಗಳಲ್ಲಿದೆ. ಆದರೆ ಸದಾ ಕಾದು ಕಾದು ಸಣ್ಣ ಹರಳು ಕರಗಿ ದೊಡ್ಡದಕ್ಕೆ ಸೇರುತ್ತಾ ಹೋಗುತ್ತದೆ. ಹರಳು ದಪ್ಪವಾದಷ್ಟೂ ಲೋಹ ಸೋಲುತ್ತದೆ. ಹೊರಗಿನಿಂದ ನೋಡಿದರೆ ಬ್ಲೇಡು ಹೊಸದರಂತೆಯೇ ಇರಬಹುದು, ಒಳಗೆ ಮಾತ್ರ ಮುಪ್ಪು.

ಈ ಮುಪ್ಪಿಗೆ ಮದ್ದಿದೆ. ತುಪ್ಪ ಕಾಸಿದವರಿಗೆಲ್ಲ ಅರ್ಥವಾಗುವ ಮದ್ದು. ಹರಳುಗಟ್ಟಿದ ತುಪ್ಪವನ್ನು ಬಿಸಿ ಮಾಡಿದರೆ ಹರಳು ಕರಗುತ್ತದೆ. ಆಮೇಲೆ ಒಲೆಯ ಪಕ್ಕದಲ್ಲೇ ಬಿಟ್ಟು ನಿಧಾನ ಆರಿಸಿದರೆ ಮತ್ತೆ ದಪ್ಪ ಹರಳು, ಬೇಗ ತಣಿಸಿದರೆ ನುಣ್ಣಗೆ. ತುಪ್ಪಕ್ಕೆ ಹರಳು ಚೆಂದ, ನಮ್ಮ ಲೋಹಕ್ಕೆ ಅದೇ ಕೇಡು. ಹಾಗಾಗಿ ಹಳೆಯ ಬ್ಲೇಡನ್ನು ಕಣ್ಣು ಕುಕ್ಕುವ ಉರಿಯಲ್ಲಿಟ್ಟು ಹರಳೆಲ್ಲ ಕರಗಿಸಬೇಕು (ಲೋಹ ಕರಗಬಾರದು, ಒಳಗಿನ ಹರಳಷ್ಟೇ), ಹೊರಗೆ ತೆಗೆದು ಬೇಗ ಆರಿಸಬೇಕು, ಮತ್ತೆ ಹದವಾದ ಉರಿಯಲ್ಲಿ ಬಹಳ ಹೊತ್ತು ಇಟ್ಟು ಸಣ್ಣ ಹರಳನ್ನು ಹೊಸದಾಗಿ ಮೂಡಿಸಬೇಕು. ಎಲ್ಲ ಸರಿಹೋದರೆ ಗುಜರಿಗೆ ಹೋಗಬೇಕಿದ್ದ ಬ್ಲೇಡು ಮತ್ತೆ ದುಡಿಯುತ್ತದೆ.

ಅಂಥದೊಂದು ಬ್ಲೇಡಿನ ತುಂಡಿಗಾಗಿ ಸುಜಾತಾ ಎಷ್ಟು ಜನರ ಕೈಕಾಲು ಹಿಡಿದಳೋ. ಸಿಕ್ಕಿದ್ದು ಒಂದೇ ತುಂಡು. ರಜೆಯಲ್ಲಿ ಯಾರ ಕಾಟವೂ ಇರುವುದಿಲ್ಲ ಎಂದು ಹಬ್ಬದ ದಿನವನ್ನೇ ಆರಿಸಿಕೊಂಡಳು. ಮರುದಿನ ದಶಮಿಗೆ ಅವಳ ಮನೆಯಲ್ಲಿ ಬುದ್ಧ ವಂದನೆ, ಅಷ್ಟರೊಳಗೆ ಮೊದಲ ಉರಿ ಮುಗಿಸಿ ಊರಿಗೆ ಹೋಗುವ ಲೆಕ್ಕ. ಬೆಳಿಗ್ಗೆ ಎದ್ದು ಉರಿ ಏರಿಸಿ, ತುಂಡನ್ನು ಒಳಗಿಟ್ಟು, ಲ್ಯಾಬಿನ ಬಾಗಿಲಿಗೆ ಹಾಳೆ ಅಂಟಿಸಿದಳು: “ಫರ್ನೇಸ್ ಚಾಲೂ ಅದ. ಮುಟ್ಟಬ್ಯಾಡ್ರಿ.” ಉರಿ ಏರಿ ನಿಂತ ಮೇಲೆ ಕಾಯುವುದಷ್ಟೇ ಕೆಲಸ. ಹಾಸ್ಟೆಲಿಗೆ ಹೋಗಿ ಸ್ನಾನ, ಊಟ ಮುಗಿಸಿ ಬಂದಳು.

ಬಂದು ನೋಡಿದರೆ ಮೇನ್ ಸ್ವಿಚ್ ಕೆಳಗೆ. ಉಷ್ಣ ತೋರಿಸುವ ಮೀಟರು ಕಪ್ಪಗೆ. ಫರ್ನೇಸಿನ ಹಿಡಿಕೆಗೆ ಚೆಂಡು ಹೂವಿನ ಹಾರ, ಮುಂದೆ ಒಡೆದ ತೆಂಗಿನಕಾಯಿ. ಮತ್ತೆ ಅವಳು ಅಂಟಿಸಿದ ಹಾಳೆ? ಅದರ ಮೇಲೆ ಮೂರು ಬೆರಳಿನ ವಿಭೂತಿ, ನಡುವೆ ಕುಂಕುಮ! ಫರ್ನೇಸಿನ ಮುಚ್ಚಿದ ಬಾಗಿಲೊಳಗೆ ಲೋಹ ಆರಾಮವಾಗಿ, ಹಬ್ಬದ ದಿನ ಆರಬೇಕಾದಷ್ಟು ನಿಧಾನವಾಗಿ ಆರುತ್ತಿತ್ತು.

ಇದನ್ನು ಮಾಡಿದ್ದು ಕಸ ಗುಡಿಸಲು ಬಂದವರಲ್ಲ, ಕಾವಲುಗಾರನಲ್ಲ. ನಮ್ಮ ವಿಭಾಗದ ಮುಖ್ಯಸ್ಥರು. ನಾವೆಲ್ಲ ಅವರನ್ನು ಸಾಹೇಬರು ಎನ್ನುತ್ತೇವೆ. ಹೀಟ್ ಟ್ರೀಟ್‌ಮೆಂಟ್ ವಿಷಯದಲ್ಲೇ ಡಾಕ್ಟರೇಟ್ ಪಡೆದವರು. ‘ಎಷ್ಟು ಕಾಸಿದಿರಿ ಎನ್ನುವುದಕ್ಕಿಂತ ಹೇಗೆ ಆರಿಸಿದಿರಿ ಎನ್ನುವುದು ಮುಖ್ಯ’ ಎಂದು ಪ್ರತಿ ವರ್ಷ ಬೋರ್ಡಿನ ಮೇಲೆ ಬರೆದು ಅಡಿಗೆರೆ ಎಳೆಯುವವರು. ಹಬ್ಬದ ದಿನ ಆ ಪಾಠಕ್ಕೂ ರಜೆ ಇತ್ತೋ ಏನೋ.

ರಜೆ ಮುಗಿದ ಮೇಲೆ ಸುಜಾತಾಳನ್ನು ಕರೆದುಕೊಂಡು ಅವರ ಕೋಣೆಗೆ ಹೋದೆ. ಬನ್ನಿ ಎಲೆ ಕೈಗಿಟ್ಟು “ಬಂಗಾರದಂಗ ಇರೋಣ ಮೇಡಂ” ಎಂದರು. ನಾನು ಬಂಗಾರದಂತೆ ಇರುವ ಸ್ಥಿತಿಯಲ್ಲಿರಲಿಲ್ಲ.

“ಸರ್, ಫರ್ನೇಸ್ ಯಾಕ ಬಂದ್ ಮಾಡಿದ್ರಿ?”

“ಉರಿಯೋ ಮಷೀನಿಗೆ ಎಲ್ಲ್ಯಾರ ಪೂಜಿ ಮಾಡ್ತಾರೇನ್ರಿ? ವರ್ಷ ಪೂರಾ ದುಡಿತದ, ಒಂದಿನ ಜರಾ ಆರಾಮ ತಗೊಳ್ಳಲಿ ಅಂತ ನನ್ನ ಕೈಯಾರೆ ಬಂದ್ ಮಾಡಿದೆ. ಆಳಂದದಾಗ ನಮ್ಮ ದಾಲ್ ಮಿಲ್ ಅದಲ್ಲ, ಅಜ್ಜನ ಕಾಲದಿಂದ ಅದೇ ಪದ್ಧತಿ. ನವಮಿಗಿ ಬಂದ್ ಮಾಡಿದ ಮಷೀನ್ ದಶಮಿಗೇ ಚಾಲೂ ಮಾಡೋದು.”

“ದಾಲ್ ಮಿಲ್ ಬಂದ್ ಮಾಡಿದ್ರ ಒಳಗಿನ ತೊಗರಿ ತೊಗರಿನೇ ಇರ್ತದರಿ ಸರ್. ಇದು ಹಂಗಲ್ಲ. ನಿಮಗ ನಾ ಹೇಳ್ಬೇಕೇನ್ರಿ?”

ಸಾಹೇಬರು ಬನ್ನಿ ಎಲೆಗಳನ್ನು ಮೇಜಿನ ಮೂಲೆಗೆ ಸರಿಸಿದರು. “ಖರೆ ಅದ. ಲಕ್ಷ್ಯ ಬರಲಿಲ್ಲ. ಮತ್ತೊಂದು ಸಲ ಕಾಸಿದ್ರ ಆಯ್ತಲ್ಲ?”

ಕಾಸಬಹುದು. ಅದೇ ಈ ಲೋಹದ ದೊಡ್ಡಗುಣ, ಹರಳನ್ನು ಇನ್ನೊಮ್ಮೆ ಕರಗಿಸಿಕೊಳ್ಳುತ್ತದೆ. ಆದರೆ ಹೀಗೆ ಮತ್ತೆ ಮತ್ತೆ ದೊಡ್ಡ ಉರಿಗಿಟ್ಟರೆ ಬೇರೆ ದೋಷಗಳು ಸೇರಿಕೊಳ್ಳುತ್ತವೆ, ಒಂದೇ ಸಲ ಕಾಸಿದ್ದರ ಫಲ ಏನೆಂದು ಹೇಳುವುದು ಕಷ್ಟವಾಗುತ್ತದೆ. ಅದನ್ನು ಲೆಕ್ಕಕ್ಕೆ ತೆಗೆದುಕೊಂಡು ಕೆಲಸವನ್ನು ಮೊದಲಿನಿಂದ ಮಾಡಬೇಕು. ಹೈದರಾಬಾದಿನ ಲ್ಯಾಬಿನಲ್ಲಿ ಹಿಡಿದಿಟ್ಟ ಪರೀಕ್ಷೆಯ ಸರದಿ ಹೋಯಿತು, ಇನ್ನೊಂದು ಸಿಗುವ ಹೊತ್ತಿಗೆ ಪ್ರಬಂಧದ ಗಡುವು ದಾಟಿರುತ್ತದೆ. ಲೋಹಕ್ಕೆ ಇನ್ನೊಂದು ಅವಕಾಶವಿದೆ. ಹುಡುಗಿಗೆ ಅದು ಬೇಕಾದರೆ ಗಡುವು ಮುಂದಕ್ಕೆ ಹಾಕಿ ಎಂದು ಅರ್ಜಿ ಕೊಡಬೇಕು. ಗೈಡ್ ಕಾರಣ ಬರೆಯಬೇಕು, ಮುಖ್ಯಸ್ಥರು ಸಹಿ ಹಾಕಬೇಕು.

ನಾನು ಕಾರಣ ಬರೆದುಕೊಂಡೇ ಹೋಗಿದ್ದೆ: ಪೂಜೆಗಾಗಿ ಫರ್ನೇಸ್ ಆರಿಸಿದ್ದರಿಂದ ಪ್ರಯೋಗ ಕೆಟ್ಟಿದೆ. ಸಾಹೇಬರು ಓದಿದರು. ಕನ್ನಡಕ ತೆಗೆದು ಒರೆಸಿದರು. ಮತ್ತೆ ಓದಿದರು.

“ಮೇಡಂ, ಇದು ಮ್ಯಾಲಿನವರ ತನಕ ಹೋಗ್ತದ. ಡಿಪಾರ್ಟ್‌ಮೆಂಟ್ ಮಾನ ಏನಾಗ್ಬೇಕು? ಕರೆಂಟ್ ಹೋಗಿತ್ತು ಅಂತ ಬರೀರಿ. ಈಗಿಂದೀಗ ಸಹಿ ಮಾಡ್ತೇನಿ.”

ಎಷ್ಟು ಸಲೀಸು ನೋಡಿ! ನಮ್ಮ ಕಡೆ ಕರೆಂಟಿನ ಮೇಲೆ ಹಾಕಿದ ತಪ್ಪನ್ನು ಯಾರೂ ಪ್ರಶ್ನಿಸುವುದಿಲ್ಲ. ಮದುವೆಗೆ ತಡವಾದರೆ ಕರೆಂಟು, ಬ್ಯಾಂಕಿನ ಕೆಲಸ ನಿಂತರೆ ಕರೆಂಟು, ಮಗ ಫೇಲಾದರೂ ಕರೆಂಟು. ನಿಜ ಹೇಳಬೇಕೆಂದರೆ ಒಂದು ಗಳಿಗೆ ನನಗೂ ಆಸೆಯಾಯಿತು. ಹುಡುಗಿಯ ವರ್ಷ ಉಳಿಯುತ್ತದೆ. ಒಂದು ಸಾಲು ಬದಲಾದರೆ ಯಾರಪ್ಪನ ಗಂಟು ಹೋಗುತ್ತದೆ?

“ಅವತ್ತು ಕರೆಂಟ್ ಹೋಗಿಲ್ರಿ ಸರ್.” ಪಕ್ಕದಲ್ಲಿ ನಿಂತಿದ್ದ ಸುಜಾತಾ ಹೇಳಿದಳು.

“ನನಗೂ ಗೊತ್ತದ ಬೇ. ಬರಿಯಾಕ ಏನಾಗ್ತದ?”

“ನಮ್ಮಪ್ಪನೇ ಈ ಲೈನಿಗಿ ಲೈನ್‌ಮ್ಯಾನ್ ಇದ್ದಾನ್ರಿ. ‘ಅಪ್ಪಾ, ನಂದೊಂದು ಕೆಲಸ ಅದ, ಅವತ್ತೊಂದಿನ ಲೈನ್ ಹೋಗದಂಗ ನೋಡ್ಕೋ’ ಅಂತ ನಾನೇ ಕೇಳ್ಕೊಂಡಿದ್ದೆ. ಹಿಂದಿನ ದಿನಾನೇ ತಂತಿಗಿ ತಾಕೋ ಟೊಂಗಿ ಎಲ್ಲ ಕಡಿಸಿ ಹಾಕ್ಯಾನ. ಹಬ್ಬದ ದಿನ ಊಟಕ್ಕೂ ಮನಿಗಿ ಬಂದಿಲ್ಲ, ಕರೆಂಟ್ ಸ್ಟೇಷನ್‌ನ್ಯಾಗೇ ಕುಂತಾನ. ಕರೆಂಟ್ ಹೋಗಿತ್ತು ಅಂತ ನಾ ಹ್ಯಾಂಗ ಬರಿಸ್ಲಿ?”

ತಲೆಯ ಮೇಲೆ ಫ್ಯಾನು ತಿರುಗುತ್ತಲೇ ಇತ್ತು. (ಆಗಲೂ ಕರೆಂಟು ಇತ್ತು.)

ಸಾಹೇಬರು ದುಷ್ಟರಲ್ಲ. ಅದೇ ನನ್ನ ಸಂಕಟ. ದುಷ್ಟರಾಗಿದ್ದರೆ ಜಗಳವಾಡಿ ನೆಮ್ಮದಿಯಿಂದ ಮಲಗುತ್ತಿದ್ದೆ. ಪ್ರೀತಿಯಿಂದಲೇ ಹೇಳಿದರು: “ನಿಮ್ಮಪ್ಪನ ಹೆಸರು ಯಾರು ಹಾಕ್ತಾರ? ಬರೇ ಕರೆಂಟ್ ಅಂತ ಬರಿಯೋದವ್ವ.”

ಬರೇ ಕರೆಂಟು! ಅದೇನು ಆಕಾಶದಿಂದ ತಾನಾಗಿ ಉದುರುತ್ತದೆಯೇ? ನನಗೆ ಪೂಜೆಯ ಬಗ್ಗೆ ತಕರಾರಿಲ್ಲ. ನಮ್ಮ ಮನೆಯ ಮಿಕ್ಸಿಗೆ ವಿಭೂತಿ ಹಚ್ಚಿದವಳು ನಾನೇ. ಈ ಅಂಕಣ ಬರೆಯುತ್ತಿರುವ ಲ್ಯಾಪ್‌ಟಾಪಿನ ಕೀಲಿಗಳ ಸಂದಿಯಲ್ಲಿ ಅತ್ತೆ ಹಚ್ಚಿದ ಕುಂಕುಮ ಇನ್ನೂ ಇದೆ. ಆದರೆ ಇದೇ ಫರ್ನೇಸಿನ ಉಷ್ಣ ಅಳೆಯುವ ಕಡ್ಡಿ ಹಳೆಯದಾಗಿದೆ, ಬದಲಿಸಿ ಎಂದು ವರ್ಷವಿಡೀ ಬೇಡಿಕೊಂಡರೂ ತಿರುಗಿ ನೋಡದವರು, ಆವತ್ತು ಅದರ ಮೈ ಒರೆಸಿ ಕೈಮುಗಿದರಲ್ಲ, ಅದಕ್ಕೆ ಉರಿಯುತ್ತದೆ ನನಗೆ. ದುಡಿಮೆಯೇ ದೊಡ್ಡದೆಂದು ಹೇಳಿಕೊಟ್ಟ ಶರಣರ ನಾಡು ನಮ್ಮದು. ನಾವೋ, ದುಡಿಯುತ್ತಿರುವುದನ್ನು ನಿಲ್ಲಿಸಿ ಹಾರ ಹಾಕುತ್ತೇವೆ.

ಅರ್ಜಿ ಇನ್ನೂ ಸಹಿಯಾಗಿಲ್ಲ. ಸುಜಾತಾ ತುಂಡನ್ನು ಮತ್ತೆ ಉರಿಗಿಟ್ಟಿದ್ದಾಳೆ, ಈ ಸಲ ಫರ್ನೇಸಿನ ಮುಂದೆಯೇ ಕುರ್ಚಿ ಹಾಕಿಕೊಂಡು ಕೂತಿದ್ದಾಳೆ, ನನ್ನನ್ನೂ ಹತ್ತಿರ ಬಿಡುವುದಿಲ್ಲ. ಸಾಹೇಬರು ನಿನ್ನೆ ಮತ್ತೆ ಕರೆಸಿ, ಖಾಲಿ ಹಾಳೆಯ ಜೊತೆ ತಮ್ಮದೇ ಪೆನ್ನನ್ನು ನನ್ನ ಕಡೆ ಸರಿಸಿದರು. “ಬರೀರಿ ಮೇಡಂ, ಪಾಪ ಹುಡುಗಿ ಭವಿಷ್ಯ ಅದ.”

ಹಬ್ಬದೂಟ ಬಿಟ್ಟು ನಮಗಾಗಿ ಕರೆಂಟು ಕಾದವನು ಆ ಹುಡುಗಿಯ ಅಪ್ಪ. ತಪ್ಪನ್ನು ಅವನ ತಲೆಗೇ ಕಟ್ಟಿ ಮಗಳ ಭವಿಷ್ಯ ಉಳಿಸಿ ಎನ್ನುತ್ತೀರಲ್ಲ ಸಾಹೇಬರೇ, ಸುಳ್ಳು ಬರೆಯಲು ಕೊಟ್ಟ ನಿಮ್ಮ ಈ ಪೆನ್ನಿಗೆ ಆವತ್ತು ಪೂಜೆ ಮಾಡಿರಲಿಲ್ಲವೇ?