ಸೀಟು ಹಿಡಿಯುವ ಪುಸ್ತಕ

ನನ್ನ ಬಳಿ ಒಂದು ದಪ್ಪ ಪುಸ್ತಕವಿದೆ. ಅದರ ರಟ್ಟಿನ ಮೂಲೆ ಬಸ್ಸಿನ ಕಿಟಕಿಯ ಸರಳಿಗೆ ತಾಗಿ ತಾಗಿ ಮೊಂಡಾಗಿದೆ. ಒಳಗಿನ ಹಾಳೆಗಳು ಮಾತ್ರ ಪೆಟ್ಟಿಗೆಯಲ್ಲಿಟ್ಟ ಮದುವೆಯ ಸೀರೆಯಂತೆ ಮಡಿಕೆ ಕೆಡದೆ ಉಳಿದಿವೆ. ನೀವೂ ದಿನವೂ ಬಸ್ಸಿಗೆ ಓಡುವವರಾಗಿದ್ದರೆ ಅದರ ಕಸುಬೇನೆಂದು ಇಷ್ಟಕ್ಕೇ ತಿಳಿದಿರುತ್ತದೆ.

ಹರಪನಹಳ್ಳಿಯ ನಿಲ್ದಾಣದಲ್ಲಿ ಹಡಗಲಿಯ ಬಸ್ಸು ಇನ್ನೂ ತಿರುಗಿ ನಿಲ್ಲುವ ಮೊದಲೇ ಕಿಟಕಿಗಳಿಂದ ಟವೆಲ್ಲು, ಕರ್ಚೀಪು, ಬುತ್ತಿಯ ಚೀಲ ಒಳಗೆ ಬೀಳುತ್ತವೆ. ಹೆಂಗಸರಿಗೆ ಟಿಕೆಟ್ಟು ಉಚಿತವಾದ ಮೇಲಂತೂ ಸೀಟು ಸಿಗುವುದು ಪೂರ್ವಜನ್ಮದ ಪುಣ್ಯ. ಟವೆಲ್ಲನ್ನು ಸರಿಸಿ ಕೂರುವ ಗಟ್ಟಿಗಿತ್ತಿಯರಿದ್ದಾರೆ, ಚೀಲವನ್ನು ಕಾಲಡಿಗೆ ತಳ್ಳುವವರೂ ಇದ್ದಾರೆ. ಆದರೆ ಪುಸ್ತಕದ ಮೇಲೆ ಕೂರುವ ಎದೆಗಾರಿಕೆ ನಮ್ಮ ಸೀಮೆಯಲ್ಲಿ ಇನ್ನೂ ಯಾರಿಗೂ ಬಂದಿಲ್ಲ. ಎಂಥ ಜಗಳಗಂಟಿಯೂ ಅದನ್ನು ಎತ್ತಿ ಕಣ್ಣಿಗೊತ್ತಿಕೊಂಡು, ಇದ್ದಲ್ಲೇ ಇಟ್ಟು ಹಿಂದಕ್ಕೆ ಹೋಗುತ್ತಾಳೆ.

ಪುಸ್ತಕ ಕೊಂಡದ್ದು ಇದಕ್ಕಲ್ಲ. ಹಡಗಲಿಯ ಒಂದು ಕಚೇರಿಯಲ್ಲಿ ನಾನು ಗುಮಾಸ್ತೆ. ಇಲಾಖಾ ಪರೀಕ್ಷೆ ಪಾಸಾದರೆ ಬಡ್ತಿ, ಬಡ್ತಿಯಾದರೆ ಹರಪನಹಳ್ಳಿಯಲ್ಲೇ ಖಾಲಿಯಿರುವ ಜಾಗ, ಆ ಜಾಗ ಸಿಕ್ಕರೆ ಒಂಬತ್ತು ವರ್ಷಗಳಿಂದ ದಿನಕ್ಕೆ ಮೂರು ತಾಸು ತಿನ್ನುತ್ತಿರುವ ಈ ಓಡಾಟಕ್ಕೆ ಮುಕ್ತಿ. ಎರಡು ಸಲ ಬರೆದು ಎರಡು ಸಲವೂ ಬಿದ್ದಿದ್ದೇನೆ. ತರಬೇತಿಯಲ್ಲಿ ಪಾಠ ಹೇಳಿದ ಮಹನೀಯರೊಬ್ಬರು, ಪ್ರಯಾಣದ ಸಮಯವನ್ನು ವ್ಯರ್ಥ ಮಾಡಬೇಡಿ, ಅದರಲ್ಲೇ ನಿಮ್ಮನ್ನು ನೀವು ಬೆಳೆಸಿಕೊಳ್ಳಿ ಎಂದರು. ಅವರು ಬಂದದ್ದು ಕಾರಿನಲ್ಲಿ, ಡ್ರೈವರು ಬೇರೆ ಇದ್ದ. ಆದರೂ ಮಾತು ನನಗೆ ನಾಟಿತು, ಸೇವಾ ನಿಯಮಗಳ ಈ ಪುಸ್ತಕ ಕೊಂಡೆ.

ಐದಕ್ಕೆದ್ದು ರೊಟ್ಟಿ ಬಡಿದು, ನೀರು ತುಂಬಿಸಿ, ಮಾವನವರಿಗೆ ಗುಳಿಗೆ ಕೊಟ್ಟು ಓಡಿಬಂದವಳಿಗೆ ಕಿಟಕಿಯ ತಂಗಾಳಿ ತಾಗಿದರೆ ಆಗುವುದೇನು, ನೀವೇ ಹೇಳಿ. ಪುಸ್ತಕ ಸೀಟು ಕೊಡಿಸುತ್ತಿತ್ತು, ಸೀಟು ನಿದ್ದೆ ತರಿಸುತ್ತಿತ್ತು, ನಿದ್ದೆ ಪುಸ್ತಕವನ್ನು ಮುಚ್ಚಿಸುತ್ತಿತ್ತು. ಪುಟ ತಪ್ಪದಿರಲೆಂದು ಆ ಬೆಳಗಿನ ಶೂನ್ಯ ದರದ ಟಿಕೆಟ್ಟನ್ನು ಗುರುತಿಗೆ ಇಡುವಷ್ಟರಲ್ಲಿ ಕಣ್ಣು ಎಳೆಯುತ್ತಿತ್ತು. ಹಡಗಲಿ ಬಂತೆಂದು ಭುಜ ಅಲುಗಿಸುತ್ತಿದ್ದವಳು ಅಲ್ಲಿನ ಆಸ್ಪತ್ರೆಯಲ್ಲಿ ಆಯಾ ಆಗಿರುವ ಹುಲಿಗೆವ್ವ. ನನಗಿಂತ ಹತ್ತು ವರ್ಷ ದೊಡ್ಡವಳು, ಸೀಟು ಸಿಗದ ದಿನವೆಲ್ಲ ನನ್ನ ಪಕ್ಕದಲ್ಲೇ ಕಂಬಿ ಹಿಡಿದು ನಿಲ್ಲುವವಳು. ಒಮ್ಮೆಯೂ ಸರಿದು ಕೂರೆನ್ನಲಿಲ್ಲ. ‘ಓದೋರಿಗೆ ಜಾಗ ಬೇಕವ್ವ’ ಎನ್ನುತ್ತಿದ್ದಳು. ಸಂಜೆ ಮರಳುವ ಬಸ್ಸಿನಲ್ಲಿ ಹಡಗಲಿಯ ಮಲ್ಲಿಗೆ ಬುಟ್ಟಿಗಳ ಘಮಕ್ಕೆ ಪುಸ್ತಕ ತೆರೆಯುವ ಮೊದಲೇ ನಿದ್ದೆ. ಒಟ್ಟಿನಲ್ಲಿ ನನ್ನ ವ್ಯಾಸಂಗ ಹೊಳೆಯಲ್ಲಿ ಹುಣಸೆಹಣ್ಣು ತೊಳೆದಂತೆ ಸಾಗಿತ್ತು.

ಕಳೆದ ತಿಂಗಳು ಒಂದು ಬೆಳಿಗ್ಗೆ ನಮ್ಮ ಬಸ್ಸು ನಿಲ್ಲುವ ಜಾಗದಲ್ಲಿ ಕೊಟ್ಟೂರಿನ ಬಸ್ಸು ನಿಂತಿತ್ತು. ಬೋರ್ಡು ನೋಡುವ ವ್ಯವಧಾನ ಯಾರಿಗಿದೆ? ಅಭ್ಯಾಸಬಲದಿಂದ ಪುಸ್ತಕವನ್ನು ಕಿಟಕಿಯೊಳಗೆ ಹಾಕಿದೆ. ಬಾಗಿಲಿಗೆ ಸುತ್ತಿ ಬರುವಷ್ಟರಲ್ಲಿ ಬಸ್ಸು ಹೊರಟೇಬಿಟ್ಟಿತು. ಪರೀಕ್ಷೆಗೆ ಆರು ವಾರವಿತ್ತು, ಪುಸ್ತಕ ಕೊಟ್ಟೂರಿಗೆ ಹೋಗಿತ್ತು.

ಮೂರನೆಯ ದಿನ ನಮ್ಮ ಹಡಗಲಿ ಬಸ್ಸಿನ ಕಂಡಕ್ಟರು ಅದನ್ನು ತಂದು ನನ್ನ ಕೈಗಿಟ್ಟ. ಒಳಗಿನ ಟಿಕೆಟ್ಟಿನಲ್ಲಿ ಹಡಗಲಿಯ ಹೆಸರು ನೋಡಿ ಕೊಟ್ಟೂರಿನ ಕಂಡಕ್ಟರು ನಿಲ್ದಾಣದಲ್ಲಿ ಇವನಿಗೆ ಒಪ್ಪಿಸಿದ್ದನಂತೆ.

“ನಿಮ್ಮ ಪುಸ್ತಕ ಕೊಟ್ಟೂರು ನೋಡ್ಕೊಂಡು ಬಂದೈತಿ ನೋಡ್ರಿ ಅಕ್ಕಾರ,” ಎಂದು ನಕ್ಕ. ಆಮೇಲೆ ದನಿ ತಗ್ಗಿಸಿ, “ಒಂದ ಪುಟದಾಗ ಹನ್ನೊಂದು ಟಿಕೇಟು ಅದಾವ್ರಿ. ಎಲ್ಲಾ ನಾ ಕೊಟ್ಟವ,” ಎಂದ.

ನನ್ನ ಮುಖ ನೋಡಿ ಅವನಿಗೇ ಪಾಪ ಅನ್ನಿಸಿರಬೇಕು. “ತಪ್ಪು ತಿಳ್ಕೋಬ್ಯಾಡ್ರಿ. ಕುಂತ್ರ ಯಾರಿಗಾದ್ರೂ ನಿದ್ದಿ ಬರತೈತಿ. ನಿಂತ್ರ ಬರಂಗಿಲ್ಲ, ನನ್ನ ನೋಡ್ರಲ್ಲ.”

ಭಾನುವಾರ ಮಂಚದ ಮೇಲೆ ಆ ಹನ್ನೊಂದು ಟಿಕೆಟ್ಟುಗಳನ್ನು ಹರಡಿಕೊಂಡು ಕೂತೆ. ಹನ್ನೊಂದು ಬೆಳಗುಗಳು, ಒಂದೇ ಪುಟ. ಅದು ರಜೆಯ ನಿಯಮಗಳ ಅಧ್ಯಾಯ. ನಿಯಮ ಓದುವ ಮೊದಲೇ ನಾನು ರಜೆಯ ಮೇಲೆ ಹೋಗಿದ್ದೆ. ನಗು ಬಂತು, ಹಿಂದೆಯೇ ಅಳುವೂ ಬಂತು. ಇಷ್ಟೊಂದು ದಣಿದಿದ್ದೇನೆಂದು ನನಗೇ ತಿಳಿದಿರಲಿಲ್ಲ. ದಿನದಲ್ಲಿ ಯಾರೂ ನನ್ನನ್ನು ಏನೂ ಕೇಳದ ಹೊತ್ತೆಂದರೆ ಅದೊಂದೇ, ಅದರಲ್ಲೂ ಬೆಳೆಯಬೇಕೆಂದರೆ ಮನುಷ್ಯರು ಸುಮ್ಮನೆ ಇರುವುದು ಯಾವಾಗ? ಆ ನಿದ್ದೆಯ ಬಗ್ಗೆ ನನಗೆ ನಾಚಿಕೆಯಿಲ್ಲ. ನಾಚಿಕೆಯಾದದ್ದು ಹುಲಿಗೆವ್ವನನ್ನು ನೆನೆದಾಗ. ಓದುವವಳಿಗೆಂದು ಜಾಗ ಬಿಟ್ಟು ಅವಳು ನಿಂತೇ ಇದ್ದಳು, ಓದುವವಳು ಗೊರಕೆ ಹೊಡೆಯುತ್ತಿದ್ದಳು.

ಸೋಮವಾರ ಕಿಟಕಿಯಿಂದ ಬುತ್ತಿಯ ಚೀಲ ಹಾಕಿದೆ, ಪುಸ್ತಕ ಕೈಯಲ್ಲೇ ಉಳಿಯಿತು. ಅದೃಷ್ಟಕ್ಕೆ ಸೀಟು ಸಿಕ್ಕಿತು.

“ಹುಲಿಗೆವ್ವ, ನೀವು ಕುಂದರ್ರಿ. ನಾ ನಿಂತು ಓದ್ತೀನಿ.”

ಅವಳು ಬೇಡವೆಂದು ಎರಡು ಸಲ ಹೇಳಿ, ಮೂರನೆಯ ಸಲಕ್ಕೆ ಕೂತಳು. “ಹಂಗಾರ ನನಗ ಕೇಳಂಗ ಓದವ್ವ. ನಿನ್ನ ನಿದ್ದಿ ನನಗರ ಬರ್ಲಿ.”

ಓದಿದೆ. ಗಳಿಕೆ ರಜೆಯ ಎರಡನೆಯ ನಿಯಮ ಮುಗಿಯುವ ಮೊದಲೇ ಅವಳ ತಲೆ ಕಿಟಕಿಗೆ ವಾಲಿತು. ನನ್ನ ಮೊಣಕಾಲು ನೋಯುತ್ತಿತ್ತು, ಅಕ್ಷರಗಳು ಬಸ್ಸಿನ ಜೊತೆ ಕುಣಿಯುತ್ತಿದ್ದವು, ಮೂರನೆಯ ಸಲವೂ ಬೀಳುವೆನೇನೋ ಎಂಬ ಅಂಜಿಕೆ ಹೋಗಿರಲಿಲ್ಲ. ಹಡಗಲಿ ಬಂದಾಗ ಈ ಸಲ ನಾನೇ ಅವಳ ಭುಜ ಅಲುಗಿಸಿದೆ. ಇಳಿಯುವ ಮುನ್ನ ಹನ್ನೆರಡನೆಯ ಟಿಕೆಟ್ಟನ್ನು ಮುಂದಿನ ಪುಟಕ್ಕೆ ಇಟ್ಟೆ.