ಹೆಂಗಸರ ಸಾಲಿನಲ್ಲಿ ಕುಳಿತ ಸಭಾಪಾಲಕರು

ನಮ್ಮ ಮಿಜೋ ಬೆಟ್ಟಗಳ ಕ್ರೈಸ್ತ ಸಭೆಗಳಲ್ಲಿ ಸೊಗಸಾಗಿ ಉಪದೇಶ ಮಾಡಬಲ್ಲವರಿಗೆ ಬರವಿಲ್ಲ. ಆದರೆ ಪಾಪವನ್ನು ಪಾಪವೆಂದೇ ಕರೆದು, ಪಾಪ ಮಾಡಿದವರ ಕೈಯನ್ನು ಮಾತ್ರ ಬಿಡದೆ ಹಿಡಿದವರು ಯಾರೆಂದು ಕೇಳಿದರೆ, ನನಗೆ ಥಟ್ಟನೆ ನೆನಪಾಗುವುದು ಈ ತಿಂಗಳು ನಿವೃತ್ತರಾಗುತ್ತಿರುವ ಪೂಜ್ಯ ಸೈಥಾಂಗಾ ಅವರೇ. ಮೂವತ್ತಾರು ವರ್ಷಗಳಲ್ಲಿ ಒಂಬತ್ತು ಊರುಗಳ ಸಭೆಗಳನ್ನು ಪಾಲಿಸಿದವರು ಅವರು. ಪುಸ್ತಕಗಳನ್ನು ಬೆನ್ನಿನ ಬುಟ್ಟಿಯಲ್ಲಿ ಹೊತ್ತು ಎರಡು ದಿನ ನಡೆದು ಮೊದಲ ಊರು ಸೇರಿದ್ದನ್ನು ಈ ಅಭಿನಂದನಾ ಸಂಪುಟದಲ್ಲಿ ಬೇರೆಯವರು ಬರೆದಿದ್ದಾರೆ. ನಾನು ಬರೆಯಬೇಕಾದದ್ದನ್ನು ಬರೆಯಲು ನನಗೆ ನಾಚಿಕೆ, ಆದರೂ ಬರೆಯುತ್ತೇನೆ.

ಹದಿನೇಳು ವರ್ಷಗಳ ಹಿಂದೆ ಅವರು ನಮ್ಮೂರು ತುಯಿಝಾಂಗಿಗೆ ಬಂದಾಗ ನಾನು ಸಭಾಹಿರಿಯ, ಅಂದರೆ ‘ಉಪಾ’, ಜೊತೆಗೆ ಕಾರ್ಯದರ್ಶಿ. ಶಿಸ್ತು ಎಂದರೆ ನಾನೇ ಎಂಬ ಜಂಬ ಬೇರೆ. ಕುಡಿದು ಸಿಕ್ಕಿಬಿದ್ದವರನ್ನು, ಮದುವೆಗೆ ಮೊದಲೇ ಕೂಡಿದವರನ್ನು ಆರು ತಿಂಗಳು ರೊಟ್ಟಿ, ದ್ರಾಕ್ಷಾರಸ ಹಂಚುವ ಕರ್ತನ ಭೋಜನದಿಂದ ಹೊರಗಿಟ್ಟು, ಭಾನುವಾರ ಅವರ ಹೆಸರುಗಳನ್ನು ವೇದಿಕೆಯಿಂದ ಓದುವುದು ನಮ್ಮಲ್ಲಿನ ಪದ್ಧತಿ. ಪಟ್ಟಿ ಬರೆಯುವ ಕೆಲಸ ನನ್ನದು. ಆ ಸಲ ಒಂದೇ ಹೆಸರು ಬರೆದು ಒಯ್ದೆ: ಝೋಪುಯಿ. ತಂದೆಯಿಲ್ಲದೆ, ಮಗ್ಗ ನಂಬಿ ಬದುಕುತ್ತಿದ್ದ ಹುಡುಗಿ, ಬಸುರಿ.

ಸಭಾಪಾಲಕರು ಅದನ್ನು ಓದಿ ಕನ್ನಡಕ ತೆಗೆದರು.

“ಉಪಾ, ನಮ್ಮಲ್ಲಿ ಹೆಣ್ಣಿನ ಹೆಸರು ‘ಇ’ ಅಂತ ಮುಗಿಯುತ್ತೆ, ಗಂಡಿನ ಹೆಸರು ‘ಆ’ ಅಂತ. ಇಲ್ಲಿ ‘ಇ’ ಒಂದೇ ಇದೆಯಲ್ಲಪ್ಪ. ‘ಆ’ ಎಲ್ಲಿ ಹೋಯ್ತು?”

“ಹುಡುಗಿ ಬಾಯಿ ಬಿಡ್ತಿಲ್ಲ, ಪಾಸ್ಟರ್.”

“ಸರಿ, ಅವಳು ಬಿಡ್ತಿಲ್ಲ. ನೀವು?”

ಅವರಿಗೆ ಗೊತ್ತಾಗಿಬಿಟ್ಟಿತ್ತು. ಆ ಹೆಸರು ರೋಕಿಮಾ, ನನ್ನ ಮಗ. ತಪ್ಪೊಪ್ಪಿಕೊಂಡು, ಅವಳನ್ನೇ ಮದುವೆಯಾಗುತ್ತೇನೆಂದು ಕಣ್ಣೀರಿಟ್ಟವನನ್ನು ಗದರಿಸಿ ಐಜಾಲಿನಲ್ಲಿದ್ದ ನನ್ನ ತಂಗಿಯ ಮನೆಗೆ ಅಟ್ಟಿದ್ದವನು ನಾನು. ಆ ಹುಡುಗಿಯಾದರೋ ನನ್ನ ಮಾನ ಉಳಿಸಲೆಂದೇ ತುಟಿ ಬಿಚ್ಚಿರಲಿಲ್ಲ.

“ಅವರಿಬ್ಬರು ಮಾಡಿದ್ದು ಪಾಪವೇ, ಉಪಾ. ಅದನ್ನ ಮುಚ್ಚಿಡೋದೂ ಪಾಪವೇ,” ಎಂದರು ಅವರು. “ಪಟ್ಟಿ ನಿಮ್ಮ ಹತ್ರಾನೇ ಇರ್ಲಿ. ನಾನು ಯಾರಿಗೂ ಹೇಳಲ್ಲ. ಆದ್ರೆ ಅರ್ಧ ಪಟ್ಟಿ ಓದೋದೂ ಇಲ್ಲ.”

ಅಂದಿನಿಂದ ಐದು ದಿನ ಸಂಜೆ ಸಂಜೆ ನಮ್ಮ ಮನೆಗೆ ಬಂದು, ಆ ವಿಷಯ ಮಾತ್ರ ಎತ್ತದೆ, ನನ್ನ ಜೊತೆ ಕೂತು ಶುಂಠಿಯ ಮಣ್ಣು ಕೆರೆದರು. ಬೈದಿದ್ದರೆ ತಿರುಗಿ ಬೈಯುತ್ತಿದ್ದೆ. ಶುಂಠಿ ಕೆರೆಯುವವರನ್ನು ಏನು ಮಾಡುವುದು? ಶನಿವಾರ ಮಗನನ್ನು ಕರೆಸಿ, ಅವನ ಹೆಸರನ್ನು ನನ್ನ ಕೈಯಾರೆ ಬರೆದೆ. ಅದರ ಕೆಳಗೆ, ನಿಜ ಮುಚ್ಚಿಟ್ಟಿದ್ದಕ್ಕೆ, ನನ್ನದನ್ನೂ ಬರೆದೆ.

ಭಾನುವಾರ ಅವರು ಮೂರನ್ನೂ ಓದಿದರು. ಒಂದಕ್ಷರವನ್ನೂ ನುಂಗಲಿಲ್ಲ. ಝೋಪುಯಿಯ ಅಕ್ಕಪಕ್ಕದ ಹೆಂಗಸರು ಆಗಲೇ ದೂರ ಸರಿದಿದ್ದರು. ಓದಿ ಮುಗಿಸಿದ ಸಭಾಪಾಲಕರು ವೇದಿಕೆಯಿಂದಿಳಿದು, ಗಂಡಸರು ಯಾರೂ ಕೂರದ ಹೆಂಗಸರ ಸಾಲಿಗೆ ನೇರವಾಗಿ ನಡೆದರು.

“ಅಯ್ಯೋ, ಪಾಸ್ಟರಿಗೆ ದಾರಿ ತಪ್ಪಿತೇನ್ರೇ!” ಎಂದಳು ಒಬ್ಬ ಮುದುಕಿ.

“ತಪ್ಪಿಲ್ಲ ಅಜ್ಜಿ. ಇವಳು ದೂರ ಇರಬೇಕಾದ್ದು ಭೋಜನದಿಂದ, ನಮ್ಮಿಂದ ಅಲ್ಲ. ಸ್ವಲ್ಪ ಜರುಗಿ.”

ಅಜ್ಜಿ ಜರುಗಿದಳು, ಝೋಪುಯಿಯ ಪಕ್ಕಕ್ಕೇ. ಖಾಲಿಯಾದ ಜಾಗದಲ್ಲಿ ಸಭಾಪಾಲಕರು ಕುಳಿತರು.

ಎರಡು ವಾರದಲ್ಲಿ ಮಕ್ಕಳ ಮದುವೆಯಾಯಿತು. ಆರು ತಿಂಗಳಾದ ಮೇಲೆ ನಮ್ಮನ್ನು ಒಂದೇ ದಿನ ಮರಳಿ ಸೇರಿಸಿಕೊಂಡರು. ಕಾರ್ಯದರ್ಶಿ ಪದವಿ ಮಾತ್ರ ನನಗೆ ಮರಳಿ ಸಿಗಲಿಲ್ಲ. ನಾಚಿಕೆಬಿಟ್ಟು ಕೇಳಿಯೂ ನೋಡಿದೆ. “ಬೇಡ ಉಪಾ, ಹಾಡಿನ ಪುಸ್ತಕ ಜೋಡಿಸಿಕೊಂಡಿರಿ ಸಾಕು,” ಎಂದು ನಕ್ಕರು. ಆಮೇಲೆ ಇನ್ನೂ ಮೂರು ಊರುಗಳಿಗೆ ಅವರ ವರ್ಗವಾಯಿತು. ನಾನು ಈಗಲೂ ಪುಸ್ತಕ ಜೋಡಿಸುತ್ತಿದ್ದೇನೆ.

ಮೊನ್ನೆ ಈ ಲೇಖನವನ್ನು ಸೊಸೆಗೆ ಓದಿ ಹೇಳಿ, “ತಪ್ಪಾಯ್ತಮ್ಮಾ,” ಎಂದೆ. ಹದಿನೇಳು ವರ್ಷಗಳಲ್ಲಿ ಆ ಮಾತನ್ನು ಅವಳಿಗೆ ಹೇಳಿರಲೇ ಇಲ್ಲ. ಝೋಪುಯಿ ಮಗ್ಗ ನಿಲ್ಲಿಸಿ ನನ್ನತ್ತ ತಿರುಗಿದಳು.

“ಅಪ್ಪಾ, ಆ ಐದು ದಿನ ನೀವು ಬರ್ತೀರೇನೋ ಅಂತ ಬಾಗಿಲು ನೋಡ್ತಾ ಕೂತಿದ್ದೆ. ಶುಂಠಿ ಮಣ್ಣಿನ ಕೈಯಲ್ಲೇ ನಮ್ಮನೆಗೆ ಬಂದೋರು ಪಾಸ್ಟರ್ ಒಬ್ಬರೇ.”

ಪೂಜ್ಯರು ನೂರು ಕಾಲ ಬಾಳಲಿ. ನಿವೃತ್ತಿ ವೇದಿಕೆಯಿಂದಷ್ಟೇ ಇರಲಿ. ಬಾಗಿಲು ನೋಡುತ್ತ ಕುಳಿತವರು ಯಾವ ಊರಿನಲ್ಲಿಲ್ಲ? ಅವರ ಮನೆಗಳವರೆಗೆ ನಡೆಯುವ ಬಲವನ್ನು ದೇವರು ಪೂಜ್ಯರ ಕಾಲುಗಳಿಗೆ ಕೊಡಲಿ. ತಡವಾಗಿಯಾದರೂ ನನ್ನ ಕಾಲುಗಳಿಗೂ ಕೊಡಲಿ.