ಒಣ ಹಿಟ್ಟಿನ ಉಪಕಾರ

ಬಡ ಹುಡುಗರ ವಿದ್ಯೆಗೆ ನಮ್ಮ ದೊಡ್ಡವರು ಎಷ್ಟು ಮಾಡಿದ್ದಾರೆಂಬ ಭಾಷಣವನ್ನು ಪ್ರತಿ ವರ್ಷ ಬೋರ್ಡಿಂಗಿನ ವಾರ್ಷಿಕ ಸಭೆಯಲ್ಲಿ ಕೇಳುತ್ತೇನೆ. ಕೇಳಿದಾಗಲೆಲ್ಲ ಎದ್ದು ನಿಲ್ಲಬೇಕೆನಿಸುತ್ತದೆ. ಚರ್ಚಾಕೂಟದಲ್ಲಿ ಹತ್ತಿದ ಚಟ, ಬಿಡುವುದಿಲ್ಲ. ಅಲ್ಲಿ ನಿಲ್ಲಲು ಬಿಡದ್ದರಿಂದ ಇಲ್ಲಿ ಬರೆಯುತ್ತಿದ್ದೇನೆ.

ಗುಲ್ಬರ್ಗಾದಲ್ಲಿ ನಾನಿದ್ದ ಬೋರ್ಡಿಂಗನ್ನು ಆಳಂದ, ಅಫಜಲಪುರ, ಜೇವರ್ಗಿ ಕಡೆಯ ಸಾಹುಕಾರರು, ಗೌಡರು ಸೇರಿ ನಡೆಸುತ್ತಿದ್ದರು. ಬಡವರಿಗೆ ಊಟ ಪುಕ್ಕಟೆ. ಆದರೆ ಜೋಳವೆಲ್ಲ ಅವರ ಕಾಳಿನ ಹಗೇವಿನಿಂದ ಬರುತ್ತಿತ್ತೆಂದು ತಿಳಿಯಬೇಡಿ. ಸುಗ್ಗಿಯಲ್ಲಿ ಹುಡುಗರೇ ಜೋಳಿಗೆ ಹಾಕಿಕೊಂಡು, ಬಂಡಿ ಹೂಡಿ, ಊರೂರು ತಿರುಗಿ, ಕಣದ ಮುಂದೆ ನಿಂತು ಬೇಡಿ ತರುತ್ತಿದ್ದೆವು. ಜೋಳಿಗೆಗೆ ಬಂದವನಿಗೆ ಮುಂದಿನ ವರ್ಷ ಬೋರ್ಡಿಂಗಿನಲ್ಲಿ ಜಾಗ. ಇದು ರೂಢಿ.

ಮೆಟ್ರಿಕ್ ವರ್ಷ ನನ್ನ ಜೊತೆ ಬಂಡಿ ಹೊಡೆದವನು ಮಣ್ಣೂರಿನ ಗೆಳೆಯ, ಊರ ಹೊರಗಿನ ಕೇರಿಯವನು. ಗಣಿತದಲ್ಲೂ ಉರ್ದುವಿನಲ್ಲೂ ನನಗಿಂತ ಮುಂದು. ಗೊಬ್ಬೂರಿನ ಕಣಗಳಲ್ಲಿ ಭಾಷಣ ನನ್ನದು, ಚೀಲ ಹೊರುವುದು ಅವನದು. ಮಣ್ಣೂರಿನಲ್ಲಿ ಅವನ ತಾಯಿ ಕೇರಿಯ ಮನೆಮನೆಗೆ ಹೋಗಿ, ಕೂಲಿಗೆ ಬಂದ ಜೋಳದಲ್ಲೇ ಮೊರ ಮೊರ ಕೂಡಿಸಿ ಒಂದು ಚೀಲ ತುಂಬಿಸಿಕೊಟ್ಟರು. ಗೌಡರ ದನ ಕಾಯುವ ಕೆಲಸ ಮಗನಿಗಾಗಿ ಕಾದು ಕೂತಿತ್ತು. ಅದು ತಪ್ಪಿತೆಂದು ಆ ತಾಯಿ ನಂಬಿದ್ದರು.

ಜೂನಿನಲ್ಲಿ ಇಬ್ಬರೂ ಇಂಟರ್‌ಮೀಡಿಯೆಟ್ ಕಾಲೇಜಿಗೆ ಸೇರಿದೆವು. ಕಾಲೇಜಿನವರು ಅವನ ಫೀ ಮಾಫ್ ಮಾಡಿದರು. ಇನ್ನು ಬೇಕಾದದ್ದು ಊಟ ಒಂದೇ. ಬೋರ್ಡಿಂಗಿನ ಸೆಕ್ರೆಟರಿ ಆಳಂದದ ಅರಿವೆ ವ್ಯಾಪಾರಿ. ನನ್ನನ್ನು ಒಳಗೆ ಕರೆದರು. ಗೆಳೆಯನಿಗೆ ಬಾಗಿಲ ಹೊರಗೇ ಜೋಳದ ಹಿಟ್ಟು ಅಳೆಸಿದರು. ದಿನಾ ಮಧ್ಯಾಹ್ನ ಬಂದು ಒಯ್ಯಬೇಕಂತೆ, ಒಳಗೆ ಪಂಗ್ತಿಯಲ್ಲಿ ಕೂಡುವುದು ಬೇಡವಂತೆ.

"ಹಿಟ್ಟ ಕೊಡಾಕತ್ತೇವಲ್ಲೋ ತಮ್ಮಾ, ಇಲ್ಲ ಅಂದೇವೇನು?" ಎಂದರು.

"ರೊಟ್ಟಿ ಬಡಿಯೂದು ಎಲ್ರೀ?"

"ಅದು ಅವನ ವಿಚಾರ."

ಇದೇ ಮನುಷ್ಯ ಸೋಮವಾರದ ಭಜನೆಯ ನಂತರ ಶರಣರು ಜಾತಿ ಅಳಿಸಿದ ಕಥೆ ಹೇಳಿ ಕಣ್ಣೊರೆಸಿಕೊಳ್ಳುವವರು. ನಾನು ಆ ಮನೆತನಗಳಲ್ಲೇ ಹುಟ್ಟಿದವನು, ಆ ಕಣ್ಣೀರು ನನಗೆ ಚೆನ್ನಾಗಿ ಗೊತ್ತು.

ಒಲೆ ಇರುವ ಕೋಣೆಯನ್ನು ಅವನಿಗೆ ಯಾರೂ ಬಾಡಿಗೆಗೆ ಕೊಡಲಿಲ್ಲ. ಅವನ ಚಿಕ್ಕಮ್ಮ ಮಿಲ್ಲಿನ ಕೂಲಿ. ರೈಲು ಹಳಿಯಾಚೆಯ ಚಾಳಿನಲ್ಲಿ ಆಕೆಯ ಮನೆ. ಮಧ್ಯಾಹ್ನ ಹಿಟ್ಟು ಹಿಡಿದು ಅಲ್ಲಿಗೆ ನಡೆದು, ರೊಟ್ಟಿ ಬಡಿದು ತಿಂದು ಮರಳುವಷ್ಟರಲ್ಲಿ ಪಾಠ ಮುಗಿದಿರುತ್ತಿತ್ತು. ದೀಪಾವಳಿಯ ಹೊತ್ತಿಗೆ ಹಾಜರಿ ಕಡಿಮೆಯಾಯಿತು. ಹೀಗೇ ಆದರೆ ಪರೀಕ್ಷೆಗೆ ಕೂರಿಸುವುದಿಲ್ಲವೆಂದು ಪ್ರಿನ್ಸಿಪಾಲರು ಹೇಳಿದರು. ಸುದ್ದಿ ಬೋರ್ಡಿಂಗಿನ ಕಮಿಟಿಗೆ ಹೋಯಿತು. ಹಿಟ್ಟು ಕೊಟ್ಟರೂ ಓದದ ಜನ ಇದು ಎಂದು ಅಲ್ಲಿ ತೀರ್ಪಾಯಿತು.

ಕಮಿಟಿಯ ಮುಂದೆ ಹೋಗಿ ಎಲ್ಲರ ಬಾಯಿ ಮುಚ್ಚಿಸುತ್ತೇನೆಂದು ನಾನು ಕುದಿಯುತ್ತಿದ್ದೆ. ಗೆಳೆಯ ತಡೆದ.

"ಲೇ, ನೀ ವಾದಾ ಗೆದ್ದು ಬಹುಮಾನ ತರ್ತಿ. ನನಗ ಬೇಕಾಗಿದ್ದು ಕಾಲೇಜಿನ ಹತ್ರ ಒಂದ್ ಒಲಿ. ಮೊದ್ಲು ಅದನ್ನ ನೋಡು."

ಬೋರ್ಡಿಂಗಿನ ಹಿತ್ತಲ ಗೋಡೆಗೆ ಹೊಂದಿ ಒಬ್ಬ ಟಾಂಗಾವಾಲಾನ ಕುದುರೆ ಕಟ್ಟುವ ತಬೇಲಾ ಇತ್ತು. ಅಲ್ಲಿ ಮೂರು ಕಲ್ಲು ಹೂಡಲು ಕೇಳಿದೆ. "ಪಕಾಲೋ ಬೇಟಾ" ಎಂದು ಆತ ಕುದುರೆ ತಿಕ್ಕುವುದನ್ನು ಮುಂದುವರಿಸಿದ. ನಾನೂ ಪಂಗ್ತಿ ಬಿಟ್ಟು ನನ್ನ ಪಾಲನ್ನು ಹಿಟ್ಟಾಗಿಯೇ ಕೇಳಿ ಪಡೆದೆ. ನನ್ನ ಮೊದಲ ರೊಟ್ಟಿ ನೋಡಿ ಗೆಳೆಯ, ಇದು ಆಳಂದ ತಾಲೂಕಿನ ನಕಾಶೆ, ಇದರಾಗ ನಿಮ್ಮೂರ ಕಡಗಂಚಿ ಎಲ್ಲಿ ಬಂತು ತೋರಿಸು ಎಂದು ನಕ್ಕ.

ಹೊಗೆ ನೋಡಿ ಸೆಕ್ರೆಟರಿ ಬಂದರು. ನನಗೆ ಹಿಟ್ಟು ಕೊಡುವ ಪದ್ಧತಿ ಇಲ್ಲ, ಒಳಗೆ ಬಂದು ಉಣ್ಣಬೇಕು ಎಂದರು.

"ಅವನಿಗೆ ಐತಿ, ನನಗಿಲ್ಲ. ಯಾಕಂತ ಸೋಮವಾರ ಭಜನಿ ಆದಮ್ಯಾಲ ಎಲ್ಲರ ಮುಂದ ಹೇಳಿಬಿಡ್ರಿ. ನಾ ಸುಮ್ನ ಬಂದು ಪಂಗ್ತ್ಯಾಗ ಕೂಡ್ತೇನಿ."

ಅದರ ಬದಲು ಅವರು ನನ್ನ ಹಿಟ್ಟು ನಿಲ್ಲಿಸಿದರು. ನನ್ನ ಮನೆಯಲ್ಲಿ ಜೋಳವಿತ್ತು, ತರಿಸಿಕೊಂಡೆ. ಅದರಲ್ಲಿ ತ್ಯಾಗವೇನೂ ಇರಲಿಲ್ಲ. ಗೆಳೆಯ ಮಧ್ಯಾಹ್ನದ ಪಾಠ ತಪ್ಪಿಸುವುದು ನಿಂತಿತು. ಪರೀಕ್ಷೆಗೆ ಕೂತ, ಪಾಸಾದ, ಈಗ ಹೈದರಾಬಾದಿನಲ್ಲಿ ಬಿ.ಎ. ಓದುತ್ತಿದ್ದಾನೆ. ವಾರ್ಷಿಕ ಸಭೆಯಲ್ಲಿ ಅವನು "ನಮ್ಮ ಬೋರ್ಡಿಂಗಿನ ವಿದ್ಯಾರ್ಥಿ" ಆದ. ಚಪ್ಪಾಳೆಯೂ ಬಿತ್ತು.

ನಾನು ಗುಲ್ಬರ್ಗಾದಲ್ಲೇ ಉಳಿದೆ. ಈ ಜೂನಿನಲ್ಲಿ ಬೋರ್ಡಿಂಗಿಗೆ ಜೇವರ್ಗಿ ಕಡೆಯ ಅಂಥದೇ ಕೇರಿಯ ಹುಡುಗನೊಬ್ಬ ಬಂದ. ಅವನಿಗೂ ಬಾಗಿಲ ಹೊರಗೆ ಹಿಟ್ಟು ಅಳೆದರು. ನಾನು ಕೇಳಲು ಹೋದೆ. ಸೆಕ್ರೆಟರಿ ಈ ಸಲ ತಯಾರಾಗಿದ್ದರು.

"ಹಿಂದಿನವ ಇದೇ ಹಿಟ್ಟು ಉಂಡು ಪಾಸಾಗ್ಯಾನಲ್ಲೋ ತಮ್ಮಾ. ಮತ್ತೇನ್ ತಕರಾರು?"

ಗೆಳೆಯ ಪಾಸಾದದ್ದೇ ಈಗ ಅವರ ವಾದ. ಉತ್ತರ ನನ್ನ ಬಾಯಲ್ಲಿತ್ತು. ಆದರೆ ಕಾಲೇಜಿನ ಗಂಟೆ ಹೊಡೆಯುವ ಹೊತ್ತಾಗಿತ್ತು, ಹುಡುಗ ಬೆಳಗಿನಿಂದ ಉಂಡಿರಲಿಲ್ಲ. ಉತ್ತರ ಆಮೇಲೆ ಕೊಡುತ್ತೇನೆಂದು ಹೇಳಿ, ಅವನನ್ನು ಕರೆದುಕೊಂಡು ತಬೇಲಾದ ಒಲೆಗೆ ಕಟ್ಟಿಗೆ ತರಲು ಹೋದೆ.